ನಾಲ್ಕನೆಯ ಮನೆ

ಮೊದಲು ಕಂಡದ್ದು ನಾಡಿಗರಿಗೆ.
"ಈ ಮನೆಯಲ್ಲಿ ಮನ ಎಂಟು ಅಂತಿದೆ ಮಾರಾಯ್ರೆ,
ನನಗಿರೋ ಒಂದನ್ನೇ ಹಿಡಿದಿಡಲು ಆಗಲ್ಲ"
ಎಂದು ನಕ್ಕರು. ನಾನೂ ನಕ್ಕೆ.
ದನ ಎಂದಿರಬೇಕಿತ್ತು ಅಲ್ಲಿ. ಸೊನ್ನೆ ದನ.

ದುರ್ಗಿಗುಡಿಯ ನನ್ನ ಅಂಗಡಿಯಿಂದ
ಲಸಿಕೆ ಕಚೇರಿಗೆ ಹತ್ತು ನಿಮಿಷ,
ಸ್ಕ್ರೂಡ್ರೈವರು ಜೇಬಲ್ಲಿ.
ಹೊರಗೆ ಶಿವಮೊಗ್ಗದ ಮಾರ್ಚ್ ಬಿಸಿಲು,
ಒಳಗೆ ಸೊರಬ, ಸಾಗರದ ಕಾಡಂಚಿನ ಮನೆಗಳ ಪಟ್ಟಿ:
ಹೆಸರು, ತಂದೆ, ತಾಯಿ, ದನ ಎಷ್ಟು,
ಮಂಗ ಸತ್ತದ್ದು ಕಂಡಿರಾ, ಸೂಜಿ ಎಷ್ಟನೆಯದು.

ಸೂಜಿ ೧ ಇದ್ದದ್ದು ೯ ಆಗಿತ್ತು ಕೆಲವರಿಗೆ.
ಒಂಬತ್ತು ಚುಚ್ಚಿಸಿಕೊಂಡವರನ್ನು
ಇನ್ನು ಯಾರು ಕರೆಯುತ್ತಾರೆ?

ಡಿಸ್ಕು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದೆ. ಅಲ್ಲಿ ಅದು ಬಲು ಸಾಧು.
ಮೆಮೊರಿ ಬದಲಿಸಿದೆ, ಕೇಬಲ್ಲು ಬದಲಿಸಿದೆ,
ಕೇಬಲ್ಲಿನ ಬಿಲ್ಲಿಗೆ ನಾಡಿಗರು ಮೂರು ಸಹಿ ಕೇಳಿದರು.
ಕೊನೆಗೆ ಬರೀ ಸೊನ್ನೆ ತುಂಬಿದ ಫೈಲೊಂದನ್ನು
ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಳಿಸಿ ಕೂತೆ.
ಎರಡು ಚಹಾ ಆಯಿತು.
ಸೊನ್ನೆಗಳ ನಡುವೆ ಅಲ್ಲೊಂದು ಇಲ್ಲೊಂದು ಎಂಟು,
ಗದ್ದೆಯಲ್ಲಿ ಕೊಕ್ಕರೆ ನಿಂತ ಹಾಗೆ.

ದೇವರು ಕೊಟ್ಟರೂ ಪೂಜಾರಿ ಕೊಡ.
ಡಿಸ್ಕು ಸುಳ್ಳು ಹೇಳಿರಲಿಲ್ಲ;
ನಡುವೆ ಕೂತ ಕಂಟ್ರೋಲರ್ ಚಿಪ್ಪು, ಉಗುರಿನಷ್ಟು ಅಗಲ,
ಎರಡು ಕಡೆಯಿಂದ ಒಮ್ಮೆಗೇ ಕರೆದರೆ ತಬ್ಬಿಬ್ಬಾಗಿ
ಕೇಳುವ ಮೊದಲೇ ಓಡಿಹೋಗಿ "ತಂದೆ" ಎನ್ನುತ್ತಿತ್ತು.
ಕೈ ಬಿಡಿಸಿ ನೋಡಿದರೆ "ಬಂದೆ".

ಎಂಟು ಮನೆಗಳ ಒಂದು ಸಾಲು ಒಂದು ಬೈಟು.
ಬಲದಿಂದ ನಾಲ್ಕನೆಯ ಮನೆಯಲ್ಲಿ
ಯಾರೂ ಇಲ್ಲದಿದ್ದರೂ ದೀಪ ಹಚ್ಚಿಬಿಡುತ್ತಿತ್ತು ಅದು.
ಅಷ್ಟೇ ತಪ್ಪು. ಅಷ್ಟಕ್ಕೇ
ತ ಬ ಆಯಿತು, ದ ಮ ಆಯಿತು,
ತಾಯಿ ಬಾಯಿ.

ಸೆಟಪ್ಪಿಗೆ ಹೋಗಿ ಆ ಮುಂದೋಡುವ ಚಾಳಿಯನ್ನು ಬಂದ್ ಮಾಡಿದೆ.
ಕೇಳಿದ ಮೇಲೆ ತಾ. ಒಂದೊಂದೇ ತಾ.
ಪರದೆ ಈಗ ನಾಡಿಗರ ಹಾಗೆ ಯೋಚಿಸಿ ಯೋಚಿಸಿ ತೆರೆಯಿತು.
ಮತ್ತೆ ಸೊನ್ನೆ ಕಳಿಸಿದೆ. ಸೊನ್ನೆಗಳೇ ಬಂದವು.

ಕೆಡುವುದು ನಿಂತಿತು. ಕೆಟ್ಟದ್ದು ಹಾಗೇ ಉಳಿಯಿತು.
ನಕಲು? ದಿನಾ ರಾತ್ರಿ ಜೋಪಾನಕ್ಕೆಂದು ತೆಗೆದ ನಕಲೇ
ಈ ಚಿಪ್ಪಿನ ಕೈ ದಾಟಿ ಹೋದದ್ದು.
"ಬ ಇರುವಲ್ಲೆಲ್ಲ ತ ಮಾಡಿಬಿಡಿ" ಎಂದರು ನಾಡಿಗರು.
ಆಗ ತಾಂಡಾದ ಸಾಕ್ರಿಬಾಯಿ ಸಾಕ್ರಿತಾಯಿ ಆಗುತ್ತಾಳೆ;
ಬಂದೆ, ಮನೆಗೆ ಬೀಗ ಎಂದು ಕ್ಲಾರಾ ಸಿಸ್ಟರ್ ಬರೆದದ್ದು
ತಂದೆ, ಮನೆಗೆ ತೀಗ.
ಬರೀ ಕಸವಾಗಿದ್ದರೆ ಗುಡಿಸಬಹುದಿತ್ತು.
ಇವು ಅರ್ಥವಿರುವ ತಪ್ಪುಗಳು.

ಹಾಗಾಗಿ ಸಾಲು ಸಾಲಾಗಿ. ಸಿಸ್ಟರ್ ನನ್ನ ಎಡಕ್ಕೆ,
ಉಣುಗಿನ ಎಣ್ಣೆ ಜಿಡ್ಡು ಹಿಡಿದ ನೋಟುಬುಕ್ಕು ತೊಡೆಯ ಮೇಲೆ.
ಹನ್ನೊಂದು ದಿನ. ನಡುವೆ ಒಮ್ಮೆ ಶಿವರಾತ್ರಿ ಬಂತು.
ಪರದೆಯಲ್ಲಿ ಇಲ್ಲದ್ದನ್ನೂ ಹೇಳುತ್ತಿದ್ದರು:
ಸಂಕ ದಾಟಿ ಎಡಕ್ಕೆ, ಕೆಂಪು ನಾಯಿ, ಕಚ್ಚಲ್ಲ.
ಒಂದು ಹಳ್ಳಿಯ ಪುಟಗಳು ಮಾತ್ರ ಗೆದ್ದಲಿನ ಪಾಲು.

ಆ ಹಳ್ಳಿಯದೊಂದು ಸಾಲು:
ಇಂಚರ, ವಯಸ್ಸು ೯, ಬಂದೆ ಇಲ್ಲ.

"ನೀವು ಹೋಗಿದ್ದಿರಿ, ಯಾರೂ ಇರಲಿಲ್ಲ ಅಂತಲಾ?"
ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.
"ಇದ್ದರು. ಬಾಗಿಲಲ್ಲೇ ಇದ್ದಳು ಅವಳ ಅಮ್ಮ, ಕೂಸು ಸೊಂಟದಲ್ಲಿ.
ಒಂಬತ್ತಲ್ಲ ಅದಕ್ಕೆ, ಒಂದು.
ಸೌದೆಗೆ ಹೋಗಿ ಜ್ವರ ಹತ್ತಿಸಿಕೊಂಡವನು,
ಅವನು ಹೋಗಿ ಅವತ್ತಿಗೆ ಹದಿನಾರು ದಿನ."
ಅಷ್ಟು ಹೇಳಿ, "ತಿದ್ದಿ" ಎಂದರು.

ಒಂಬತ್ತನ್ನು ಒಂದು ಮಾಡಿದೆ.
ಆಮೇಲೆ ನಾಲ್ಕನೆಯ ಮನೆಗೆ ಹೋಗಿ
ಸುಮ್ಮನೆ ಉರಿಯುತ್ತಿದ್ದ ದೀಪ ಆರಿಸಿದೆ.
ಬಂದೆ ಎಂದಿದ್ದವನು
ತಂದೆ ಆದ. ಇಲ್ಲ
ಎಂಬುದು ಹಾಗೇ ಇತ್ತು.